ಬಾಯಲ್ಲಿ ಹೇಳಿಸಿ ಬರೆಯುವ ಬೋರ್ಡತ್ತೆ

ಬೋರ್ಡತ್ತೆ ನೆಲ ನೋಡಿ ನಡೆದದ್ದನ್ನು ಕಂಡವರಿಲ್ಲ. ಗದ್ದವನ್ನು ಮೇಲೆತ್ತಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಅಂಗಡಿಗಳ ನೆತ್ತಿಯ ಮೇಲಿನ ಬರಹಗಳನ್ನೆಲ್ಲ ಒಂದೊಂದಾಗಿ ಓದುತ್ತ, ಓದಿದ್ದಕ್ಕೆ ಅಲ್ಲಿಯೇ ಗಟ್ಟಿಯಾಗಿ ಉತ್ತರ ಕೊಡುತ್ತ ಸಾಗುವ ಆ ನಡಿಗೆಯಲ್ಲಿ ಒಂದು ಬಗೆಯ ಗಾಂಭೀರ್ಯವೂ, ಆಗಾಗ ಚರಂಡಿಯ ಕಲ್ಲೆಡವಿ ಮುಗ್ಗರಿಸುವುದರಿಂದ ಒಂದು ಬಗೆಯ ಅಪಾಯವೂ ಬೆರೆತಿರುತ್ತವೆ. ‘ನಿಮ್ಮ ಸಂತೋಷವೇ ನಮ್ಮ ಸಂತೋಷ’ ಎಂದು ಬರೆಸಿಕೊಂಡ ಪಾತ್ರೆ ಅಂಗಡಿಯ ಮುಂದೆ ನಿಂತು, “ಹಾಗಾದ್ರೆ ನಿನ್ನೆ ಯಾಕಪ್ಪಾ ಮುಖ ಗಂಟು ಹಾಕ್ಕೊಂಡಿದ್ದೆ? ನಾನು ಖುಷಿಯಾಗೇ ಇದ್ನಲ್ಲ!” ಎಂದು ಕೇಳುತ್ತಾರೆ. ‘ವಿಶ್ವವಿಖ್ಯಾತ’ ಕ್ಷೌರದಂಗಡಿಯವನಿಗೆ, “ಪಕ್ಕದ ಬೀದೀಲಿ ವಿಚಾರಿಸ್ದೆ, ಅವರಿಗೆ ನಿನ್ನ ಹೆಸರೇ ಗೊತ್ತಿಲ್ವಂತೆ” ಎಂದು ಸುದ್ದಿ ಮುಟ್ಟಿಸುತ್ತಾರೆ. ಅತ್ತೆ ಬರುವುದು ಕಂಡರೆ ಸಾಕು, ಅಂಗಡಿಯ ಯಜಮಾನರಿಗೆಲ್ಲ ಒಳಗಡೆ ಏನೋ ಕೆಲಸ ನೆನಪಾಗಿಬಿಡುತ್ತದೆ.

ಅಂಗಡಿಗಳಿಗೆ ಬೋರ್ಡು ಬರೆಯುವುದು ಅವರ ಕಸುಬು. ಹೆತ್ತವರು ಇಟ್ಟ ಹೆಸರು ಬೇರೆಯೇ ಇದ್ದಿರಬೇಕು. ಆದರೆ ಬೀದಿಯ ಮಕ್ಕಳಿಂದ ಹಿಡಿದು ಅವರ ಸ್ವಂತ ಗಂಡನ ಸ್ನೇಹಿತರವರೆಗೆ ಎಲ್ಲರ ಬಾಯಲ್ಲೂ ಅವರು ಬೋರ್ಡತ್ತೆಯೇ. ಚಳಿಯಿರಲಿ, ಸೆಕೆಯಿರಲಿ, ಮೈಮೇಲೆ ಮಂಡಿಯವರೆಗೆ ಇಳಿಬಿದ್ದ ಒಂದು ಗಂಡಸರ ಕೋಟು. ಅದು ಮೂಲದಲ್ಲಿ ಕಂದೋ ಬೂದಿಯೋ ಹೇಳುವುದು ಕಷ್ಟ. ಏಕೆಂದರೆ ಊರಿನ ಅರ್ಧದಷ್ಟು ಅಂಗಡಿಗಳ ಬಣ್ಣ ಅದರ ತೋಳುಗಳ ಮೇಲೆಯೇ ಒಣಗಿದೆ. ಒಗೆಯಲು ಹಾಕೆಂದು ಗಂಡ ಒಮ್ಮೆ ಹೇಳಿದಾಗ, “ಒಗೆದ್ರೆ ಆಮೇಲೆ ಉಳಿಯೋದೇನು, ಗುಂಡಿ ಮಾತ್ರ” ಎಂದು ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದರು.

ಅತ್ತೆಯ ಮಾತಿನಲ್ಲಿ ಎಲ್ಲರನ್ನೂ ನಡುಗಿಸುವ ಪದವೆಂದರೆ ಒಂದೇ: “ಅಂದ್ರೆ?” ದೊಡ್ಡ ಮಾತು ಕಿವಿಗೆ ಬಿದ್ದ ಕೂಡಲೇ ಕುಂಚವನ್ನು ಡಬ್ಬಿಯ ಅಂಚಿಗೆ ಒರಗಿಸಿ, ಕನ್ನಡಕವನ್ನು ಹಣೆಗೇರಿಸಿ, ಏನೂ ತಿಳಿಯದವರ ಹಾಗೆ ಕೇಳುತ್ತಾರೆ. ‘ಪರಿಪೂರ್ಣ ಪರಿಹಾರ’ ಅಂದ್ರೆ? ‘ಸೌಲಭ್ಯ ಕಲ್ಪಿಸಲಾಗಿದೆ’ ಅಂದ್ರೆ? ಯಾರು ಕಲ್ಪಿಸಿದ್ದು, ಅವನಿಗೊಂದು ಹೆಸರಿಲ್ಲವೇ, ಬೆಳಗ್ಗೆ ಎದ್ದು ಬಂದು ಕಲ್ಪಿಸಿ ಹೋದನೇ? ಮಾಡಿದವನು ಯಾರೆಂದು ಹೇಳದೆ ನುಣುಚಿಕೊಳ್ಳುವ ಇಂಥ ಮಾತುಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಮನೆಯಲ್ಲೂ ಇದೇ ಪಾಡು. ಅಂಚೆ ಗುಮಾಸ್ತರಾಗಿ ನಿವೃತ್ತರಾದ ಅವರ ಯಜಮಾನರು ಮದುವೆಯಾದ ಹೊಸದರಲ್ಲಿ ಊಟದ ಬಗ್ಗೆ “ಪರವಾಗಿಲ್ಲ” ಎಂದದ್ದೇ ತಪ್ಪಾಯಿತು. ಪರವಾಗಿಲ್ಲ ಅಂದರೆ ಚೆನ್ನಾಗಿದೆ ಎಂದೋ ಇಲ್ಲವೆಂದೋ ತೀರ್ಮಾನವಾಗುವಷ್ಟರಲ್ಲಿ ಅನ್ನ ಆರಿತ್ತು. ಈಗ ಅವರು ತಟ್ಟೆಯ ಮುಂದೆ ಕೂತವರೇ “ಉಪ್ಪು ಕಮ್ಮಿ” ಎಂದು ಸ್ಪಷ್ಟವಾಗಿ ಹೇಳಿ ಸುಖವಾಗಿದ್ದಾರೆ.

ಇದಕ್ಕಿಂತ ಹೆಚ್ಚಾಗಿ ಗಿರಾಕಿಗಳನ್ನು ಕಂಗೆಡಿಸುವುದು ಅತ್ತೆಯ ಒಂದು ಪದ್ಧತಿ. ಬೋರ್ಡಿನ ಮೇಲೆ ಏನು ಬರೆಯಬೇಕೋ ಅದನ್ನು ಗಿರಾಕಿ ಮೊದಲು ಬಾಯಲ್ಲಿ ಹೇಳಬೇಕು. ಚೀಟಿ ಕೊಟ್ಟರೆ ನಡೆಯದು. ಎದುರಿಗೆ ನಿಂತು, ಅತ್ತೆಯ ಮುಖ ನೋಡುತ್ತ, ಹಾಲು ತರುವವನೊಂದಿಗೆ ಮಾತಾಡುವಂಥ ಸಾಮಾನ್ಯ ದನಿಯಲ್ಲಿ ಹೇಳಬೇಕು. ಎಲ್ಲಿ ನಾಲಿಗೆ ತಡವರಿಸಿತೋ, ಎಲ್ಲಿ ನಗು ಬಂತೋ, ಎಲ್ಲಿ ಕಣ್ಣು ಗೋಡೆಯ ಕಡೆ ಹೊರಳಿತೋ, ಆ ಮಾತು ಬೋರ್ಡಿಗೆ ಏರುವುದಿಲ್ಲ. ಹಲ್ಲಿನ ಡಾಕ್ಟರೊಬ್ಬರು ‘ನೋವಿಲ್ಲದೆ ಹಲ್ಲು ಕೀಳಲಾಗುತ್ತದೆ’ ಎಂದು ಬರೆಸಲು ಬಂದರು. ಅತ್ತೆಯ ದವಡೆ ಹಲ್ಲನ್ನು ಕಿತ್ತ ಪುಣ್ಯಾತ್ಮರೂ ಅವರೇ. “ಯಾರಿಗೆ ನೋವಿಲ್ದೆ, ನಿಮಗಾ?” ಎಂದು ಕೇಳಿ ಅತ್ತೆ ಕನ್ನಡಕವನ್ನು ಹಣೆಗೇರಿಸಿದರು. ಡಾಕ್ಟರು ಗಂಟಲು ಸರಿಮಾಡಿಕೊಂಡು “ನೋವಿ...” ಎನ್ನುವಷ್ಟರಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಬೋರ್ಡಿಗೇರಿದ್ದು ಇಷ್ಟು: ‘ಹಲ್ಲು ಕೀಳುತ್ತೇನೆ. ಬೇಗ ಕೀಳುತ್ತೇನೆ.’

ಅಚ್ಚಿನ ಬೋರ್ಡುಗಳು ಬಂದ ಮೇಲೆ ಗಿರಾಕಿಗಳು ವಿರಳವಾದದ್ದು ಸಹಜವೇ. ಯಂತ್ರ ಯಾರನ್ನೂ “ಅಂದ್ರೆ?” ಎಂದು ಕೇಳುವುದಿಲ್ಲವಲ್ಲ. ಗೋಡೆ ಬರಹ, ಶಟರಿನ ಬರಹ, ಮತ್ತೆ ಅತ್ತೆಯ ಕೈಬರಹವೇ ಬೇಕೆಂಬ ಕೆಲವು ಹಟಮಾರಿಗಳು ಉಳಿದುಕೊಂಡರು. ಆದರೂ ಪದ್ಧತಿ ಒಂದಿಷ್ಟೂ ಸಡಿಲಾಗಲಿಲ್ಲ. ಅವರ ಸ್ವಂತ ಅಂಗಡಿಗೇ ಬೋರ್ಡಿಲ್ಲ; ತನ್ನ ಬಗ್ಗೆ ತಡವರಿಸದೆ ಹೇಳುವಂಥ ಮಾತು ಇನ್ನೂ ಸಿಕ್ಕಿಲ್ಲವಂತೆ.

ಈ ಮೊಂಡುತನದ ಬೇರು ಎಲ್ಲಿದೆಯೆಂದು ತಿಳಿಯಬೇಕಾದರೆ ಅವರ ತಂದೆಯ ಕಡೆಗೆ ಹೋಗಬೇಕು. ಅವರು ಶವಪೆಟ್ಟಿಗೆ ಮಾಡುತ್ತಿದ್ದರು. ಮನೆಗೆ ಬಂದ ನೆಂಟರನ್ನು ಬಾಗಿಲಲ್ಲೇ ಕಣ್ಣಿನಿಂದ ಉದ್ದಗಲ ಅಳೆದುಬಿಡುವ ಅಭ್ಯಾಸ ಅವರಿಗಿದ್ದುದರಿಂದ ನೆಂಟರು ಹೆಚ್ಚು ಬರುತ್ತಿರಲಿಲ್ಲ. ಬಂದವರೂ ಆದಷ್ಟು ಬೇಗ ಕೂತುಬಿಡುತ್ತಿದ್ದರು. ಮುಚ್ಚಳದ ಮೇಲೆ ಸತ್ತವರ ಹೆಸರು ಬರೆಯುವ ಕೆಲಸ ಮಗಳದು. ಅತ್ತೆ ಅಕ್ಷರ ತಿದ್ದಿದ್ದು ಹಾಗೆ. ಅಲ್ಲಿ ಬಣ್ಣನೆಗೆ ಜಾಗವಿರಲಿಲ್ಲ, ಸಮಯವೂ ಇರಲಿಲ್ಲ. ಇದ್ದದ್ದು ಒಂದು ಹೆಸರು, ಅದು ಸರಿಯಾಗಿರಬೇಕು ಅಷ್ಟೆ. ಆದ್ದರಿಂದಲೇ ‘ನಮ್ಮನ್ನಗಲಿದರು’ ಮುಂತಾದ ಮಾತುಗಳನ್ನು ಅವರು ಈಗಲೂ ಸಹಿಸುವುದಿಲ್ಲ. “ಸತ್ರು ಅನ್ನಿ, ಅವರೇನೂ ಬೇಜಾರು ಮಾಡ್ಕೊಳಲ್ಲ” ಎನ್ನುತ್ತಾರೆ. ಭಾರಿ ಮೈಕಟ್ಟಿನ ದಿನಸಿ ವ್ಯಾಪಾರಿ ತೀರಿಕೊಂಡಾಗ ಯಾರೋ ನಿಟ್ಟುಸಿರಿಟ್ಟು ‘ತುಂಬಲಾರದ ನಷ್ಟ’ ಎಂದರು. ಪಕ್ಕದಲ್ಲಿದ್ದ ಅತ್ತೆ, “ಪೆಟ್ಟಿಗೆಯಂತೂ ತುಂಬಿದೆ” ಎಂದದ್ದು ಕೇಳಿ ಸತ್ತವರ ಹೆಂಡತಿಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಿದ್ದಳಂತೆ.

ತಂದೆಯ ನಂತರ ಆ ಅಂಗಡಿ ಬಂದದ್ದು ಅತ್ತೆಯ ತಮ್ಮನ ಕೈಗೆ. ಅವನು ಪೆಟ್ಟಿಗೆ ಬಿಟ್ಟು ಮಂಚ, ಮೇಜು, ಕಪಾಟು ಮಾಡತೊಡಗಿದ, ಚೆನ್ನಾಗಿಯೇ ಮಾಡಿದ. ಮಗಳ ಮದುವೆ ನಿಶ್ಚಯವಾದ ಮೇಲೆ ಅಂಗಡಿಯನ್ನು ದೊಡ್ಡದು ಮಾಡಿ, ಅದು ಹೊಸದಾಗಿ ತೆರೆಯುವ ದಿನ ಬೀಗರನ್ನೂ ಕರೆದ. ಅಕ್ಕನ ಕೈಬರಹವಿಲ್ಲದೆ ಬಾಗಿಲು ತೆರೆಯುವ ಮಾತೇ ಇರಲಿಲ್ಲ. ಹಾಗಾಗಿ ಒಂದು ಬೆಳಗ್ಗೆ ಬಂದು, ಬಣ್ಣದ ಡಬ್ಬಿಗಳ ನಡುವೆ ನಿಂತು, ತಾನು ಬರೆಸಬೇಕಾದದ್ದನ್ನು ಅಕ್ಕನಿಗೆ ಹೇಳಿದ: ‘ನಾಲ್ಕು ತಲೆಮಾರುಗಳಿಂದ ಅರಮನೆಗಳಿಗೆ ಪೀಠೋಪಕರಣ ಒದಗಿಸಿದ ಮನೆತನ.’

“ನಾಲ್ಕು ತಲೆಮಾರಾ?” ಎಂದು ಅತ್ತೆ ಬೆರಗಾದರು. “ಅಪ್ಪನ ಅಪ್ಪ ಕತ್ತೆ ಮೇಲೆ ಉಪ್ಪು ಹೇರ್ಕೊಂಡು ಹೋದೋನು ವಾಪಸ್ ಬರ್ಲಿಲ್ಲ ಕಣೋ. ಅವನಿಗಿಂತ ಹಿಂದಿನೋರು ಯಾರು ಅಂತ ಆ ಕತ್ತೆಗೇ ಗೊತ್ತಿರ್ಬೇಕು.”

“ಬೀಗರಿಗೆ ಹಾಗಂತ ಹೇಳಾಗಿದೆ ಅಕ್ಕಾ. ಹಾಗೇ ಬರೆದ್ಬಿಡು, ಅಷ್ಟೇ.”

ಅತ್ತೆ ಎಂದಿನ ಪದ್ಧತಿಯನ್ನು ನೆಚ್ಚಿಕೊಂಡರು. ಎದುರಿಗೆ ನಿಲ್ಲಿಸಿ, ಕನ್ನಡಕವೇರಿಸಿ, ಮತ್ತೆ ಹೇಳು ಎಂದರು. ತಮ್ಮ ಹೇಳಿದ. ಕಣ್ಣು ಹೊರಳಲಿಲ್ಲ, ನಾಲಿಗೆ ತಡವರಿಸಲಿಲ್ಲ, ತುಟಿಯಂಚಿನಲ್ಲಿ ನಗೆಯ ಸುಳಿವೂ ಇಲ್ಲ. ಆ ಸುಳ್ಳನ್ನು ಅವನು ಬೀಗರ ಮುಂದೆ, ಗಿರಾಕಿಗಳ ಮುಂದೆ, ಬಹುಶಃ ಕನ್ನಡಿಯ ಮುಂದೆಯೂ ಹೇಳಿ ಹೇಳಿ ಪಳಗಿಸಿಬಿಟ್ಟಿದ್ದ. ಯಾರನ್ನೂ ಬಿಡದ ಪದ್ಧತಿ ಒಡಹುಟ್ಟಿದವನ ಮುಂದೆ ಕೈಕೊಟ್ಟಿತು. ಈಗ ಬರೆಯಬೇಕು, ಬರೆದರೆ ಅಪ್ಪ ತಾನೇ ಕಟ್ಟಿದ ಅಂಗಡಿಯ ನೆತ್ತಿಯಿಂದ ಮಗಳ ಕೈಯಿಂದಲೇ ಅಳಿಸಿಹೋಗುತ್ತಾನೆ. ಬರೆಯದಿದ್ದರೆ ತಮ್ಮ ಹೋಗುತ್ತಾನೆ. ಅವನು ಎದ್ದುಹೋದರೆ ಮತ್ತೆ ಬರುವವನಲ್ಲ, ಮೊಂಡುತನ ಆ ಮನೆತನದಲ್ಲಿ ಇಬ್ಬರಿಗೂ ಸಮನಾಗಿಯೇ ಹಂಚಿಕೆಯಾಗಿತ್ತು. ಬರೀ ‘ಮಂಚ, ಮೇಜು, ಕಪಾಟು’ ಎಂದು ಬರೆಯುತ್ತೇನೆ, ಹಿಂದಿನದು ಯಾವುದೂ ಬೇಡ ಎಂದು ಅತ್ತೆ ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು. ಅರಮನೆ ಇರಲೇಬೇಕು, ಇಲ್ಲದಿದ್ದರೆ ಬೀಗರ ಮುಂದೆ ನಾನು ಸುಳ್ಳನಾಗುತ್ತೇನೆ ಎಂದು ಅವನು ಪಟ್ಟು ಹಿಡಿದ.

ಅತ್ತೆ ಕನ್ನಡಕವನ್ನು ಹಣೆಯಿಂದ ಇಳಿಸಿದರು. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, “ನಡಿ” ಎಂದರು.

“ಎಲ್ಲಿಗೆ?”

“ನನ್ ಹತ್ರ ಹೇಳಿದ್ರೆ ಏನು ಬಂತು, ಚಿಕ್ಕಂದಿನಿಂದ ನನ್ ಹತ್ರ ಸುಳ್ಳು ಹೇಳಿ ನಿಂಗೆ ಅಭ್ಯಾಸ. ಬಡಗಿ ಮಾಮನ ಮುಂದೆ ಹೇಳು. ಅಲ್ಲೂ ಹೀಗೇ ಹೇಳಿದ್ರೆ ಸಂಜೆಯೊಳಗೆ ಬರೀತೀನಿ, ಚಿನ್ನದ ಬಣ್ಣದಲ್ಲೇ ಬರೀತೀನಿ.”

ಬಡಗಿ ಮಾಮ ಅಂದರೆ ಅವರ ತಂದೆಯೊಂದಿಗೆ ಪ್ರಾಯದಿಂದಲೂ ಮರ ಕೊಯ್ದವರು. ಈಗಲೂ ತಮ್ಮನ ಕಾರ್ಖಾನೆಯ ಮೂಲೆಯಲ್ಲಿ ಕೂತು ಹಲಗೆಗೆ ಉಜ್ಜುಗೊರಡು ಹಿಡಿಯುವವರು. ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ ಬಂದದ್ದು ಕಂಡು ಅವರು ಕೆಲಸ ನಿಲ್ಲಿಸಿದರು. ವಿಷಯ ತಿಳಿದ ಮೇಲೆ ಮಡಿಲಿನ ಮರದ ಹೊಟ್ಟು ಕೊಡವಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು, “ಹೇಳಪ್ಪಾ, ನಾನೂ ಕೇಳ್ತೀನಿ. ಯಾವ ಅರಮನೆಗೆ ಮಾಡಿದ್ವು ನಾವು? ಮಲಗಿದೋರು ಒಬ್ರೂ ಎದ್ದು ಹೇಳ್ಲಿಲ್ವಲ್ಲ” ಎಂದರು. ಅವರ ದನಿಯಲ್ಲಿ ವ್ಯಂಗ್ಯವಿರಲಿಲ್ಲ, ಕುತೂಹಲವಷ್ಟೇ ಇತ್ತು.

“ನಾಲ್ಕು ತಲೆಮಾರುಗಳಿಂದ...” ಎಂದು ಶುರುಮಾಡಿದ ತಮ್ಮ. ಮುದುಕರು ಮುಂದಿನ ಮಾತಿಗಾಗಿ ತಲೆಯಾಡಿಸುತ್ತ ಕಾದರು. ಮುಂದಿನ ಮಾತು ಬರಲಿಲ್ಲ. ಅವನು ಅರ್ಧ ಮುಗಿದ ಮಂಚವೊಂದರ ಅಂಚಿನ ಮೇಲೆ ಕುಸಿದು ಕೂತ.

“ಸ್ಕೂಲಲ್ಲಿ ನಾನು ಒಳಗೆ ಬಂದ ತಕ್ಷಣ ಹುಡುಗ್ರೆಲ್ಲ ಬೆಂಚಿನ ಮೇಲೆ ಕಣ್ಮುಚ್ಚಿ ಮಲಗ್ಬಿಡ್ತಿದ್ರು ಅಕ್ಕಾ. ‘ಅಳತೆ ತಗೊಳೋ’ ಅಂತಿದ್ರು. ದಿನಾ.”

“ನಂಗ್ಯಾಕೋ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಬಂದು ಹೊಡೀತಿದ್ದೆ.”

“ಹೂಂ. ಹೊಡೀತಿದ್ದೆ,” ಎಂದರು ಅತ್ತೆ.  ತಾನು ಮುಚ್ಚಳದ ಮೇಲೆ ಸಾಲು ತಪ್ಪದಂತೆ ಹೆಸರು ಬರೆದು ಬೀಗುತ್ತಿದ್ದಾಗ ಇವನು ಇದನ್ನೆಲ್ಲ ಒಬ್ಬನೇ ನುಂಗಿಕೊಂಡಿದ್ದ ಎಂದು ತಿಳಿದು ಅವರಿಗೆ ಸಂಕಟವಾಯಿತು. ಆದರೆ ಸಂಕಟವಾಯಿತೆಂದು ಬಿಟ್ಟುಕೊಡುವ ಜೀವವಲ್ಲ ಅದು. ತಮ್ಮನ ಪಕ್ಕದಲ್ಲೇ ಕೂತು, ಅವನ ಭುಜಕ್ಕೆ ಭುಜ ತಾಗಿಸಿ, “ಅರಮನೆ ಬೇಡ, ಆ ಹುಡುಗರೂ ಬೇಡ. ಮಾಮನ ಮುಖ ನೋಡಿ ಹೇಳೋಕಾಗೋದು ಏನಿದ್ಯೋ ಅದನ್ನ ಹೇಳು. ಸಂಜೆವರೆಗೂ ಕೂತಿರ್ತೀನಿ” ಎಂದರು.

ಅವನು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಹೇಳಿದ: “ಪೆಟ್ಟಿಗೆ ಒಳಗಡೆ ಉಜ್ಜುತ್ತಿದ್ದೋನು ನಾನು. ಚಿಕ್ಕ ಕೈ ಅಲ್ವಾ, ಮೂಲೆಮೂಲೆಗೂ ಹೋಗ್ತಿತ್ತು. ಒಳಗಡೆ ಯಾಕಪ್ಪಾ, ಯಾರು ನೋಡ್ತಾರೆ ಅಂದ್ರೆ ಅಪ್ಪ ಬೈತಿದ್ದ. ‘ಮಲಗಿರೋರು ದೂರು ಹೇಳಲ್ಲ ಅಂತ ತಾನೆ ಒರಟು ಬಿಡೋದು? ಅವರಿಗೇ ಕಣೋ ಸರಿಯಾಗಿ ಮಾಡ್ಬೇಕು’ ಅಂತಿದ್ದ.”

ಹೇಳುವಾಗ ಅವನು ಬಡಗಿ ಮಾಮನ ಮುಖವನ್ನೇ ನೋಡುತ್ತಿದ್ದ, ಎಲ್ಲಿಯೂ ತಡವರಿಸಲಿಲ್ಲ. ಮಾಮ ಹೌದೆಂದು ತಲೆದೂಗಿ ಮತ್ತೆ ಹಲಗೆಯ ಕಡೆ ತಿರುಗಿದರು.

ಅಂಗಡಿ ತೆರೆದ ದಿನ ಬೀಗರು ಬಾಗಿಲಲ್ಲೇ ನಿಂತು ಬೋರ್ಡು ಓದಿದರು. ‘ಮಂಚ, ಮೇಜು, ಕಪಾಟು ಮಾಡುತ್ತೇವೆ. ನಮ್ಮಪ್ಪ ಶವಪೆಟ್ಟಿಗೆ ಮಾಡುತ್ತಿದ್ದರು. ಒಳಗೂ ನುಣುಪು.’ ಓದಿ ಮುಗಿಸಿ ತಮ್ಮನ ಕಡೆ ನೋಡಿದರು. ಅವನ ಕಿವಿಗಳು ಕೆಂಪಾಗಿದ್ದವು.

“ಅರಮನೆ ಅಂದಿದ್ರಿ?”

“ಸುಳ್ಳು ಹೇಳಿದ್ದೆ. ಇದು ನಿಜ.”

ಬೀಗರು ಒಳಗೆ ಬಂದರು. ಹತ್ತಿರದ ಕಪಾಟೊಂದನ್ನು ತೆರೆದು, ತೋಳು ಮಡಚಿಕೊಂಡು, ಯಾರ ಕಣ್ಣಿಗೂ ಬೀಳದ ಹಿಂಬದಿಯ ಮೂಲೆಯವರೆಗೂ ಕೈಯಾಡಿಸಿದರು. ಇನ್ನೊಂದು ಬಾಗಿಲು ತೆರೆದು ಅಲ್ಲೂ ಕೈಯಾಡಿಸಿದರು. ಕೊನೆಗೆ ಹೆಂಡತಿಯನ್ನು ಕರೆದು, “ಇಲ್ಲಿ ಬಾ, ನೀನೂ ಒಂದ್ಸಲ ಕೈ ಹಾಕಿ ನೋಡು” ಎಂದರು. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅತ್ತೆ ಇಡೀ ದಿನದಲ್ಲಿ ಅದೊಂದು ಸಲ ನೆಲ ನೋಡಿದರು, ಕಣ್ಣು ಒರೆಸಿಕೊಳ್ಳುವುದು ಕಾಣದಿರಲೆಂದು.

ಇಂಥವರು ಬಂಧುಬಳಗದಲ್ಲಿ ಒಬ್ಬರಾದರೂ ಇರುತ್ತಾರೆ. ಮದುವೆ ಮನೆಗೆ ಅವರನ್ನು ಕರೆಯಬೇಕೋ ಬೇಡವೋ ಎಂದು ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಾರೆ, ಕರೆದ ಮೇಲೆ ಅವರ ಪಕ್ಕದ ಕುರ್ಚಿ ಖಾಲಿಯೇ ಉಳಿಯುತ್ತದೆ, ಅವರ ಬಾಯಿಗೆ ಹೆದರಿ ಒಳ್ಳೆಯ ಸುಳ್ಳುಗಳೆಷ್ಟೋ ಹುಟ್ಟುವ ಮೊದಲೇ ಸಾಯುತ್ತವೆ. ಅವರೊಂದಿಗೆ ಬಾಳುವುದು ಸುಲಭವಲ್ಲ. ಆದರೆ ತನ್ನ ಅಪ್ಪ ಏನಾಗಿದ್ದನೆಂದು ಬಾಯಿಬಿಟ್ಟು ಹೇಳುವುದಕ್ಕೆ ಮನುಷ್ಯನಿಗೆ ಒಬ್ಬನಿಗೇ ಧೈರ್ಯ ಸಾಲದು. ಹೇಳುವವರೆಗೂ ಏಳದೆ, ಪಕ್ಕದಲ್ಲೇ ಕೂತು ಕಾಯುವ ಇಂಥ ಅಕ್ಕನೊಬ್ಬಳು ಬೇಕಾಗುತ್ತದೆ.