ಹಾಸಿಕೊಂಡು ಕೂತ ಜಾಕೆಟ್

ಎಂಟು ಮಂದಿ ಕೂರುವ ತೆಪ್ಪಕ್ಕೆ ಅಂದು ಹದಿನೇಳು ಮಂದಿಯನ್ನು ಹತ್ತಿಸಿದರು. ಹದಿನಾರು ಮಂದಿ ದಂಡೆ ಮುಟ್ಟಿದರು. ವಿರೇಶ ಮುಟ್ಟಲಿಲ್ಲ.

ಅದಾಗಿ ನಲವತ್ತನಾಲ್ಕು ವರ್ಷ. ವಿರೇಶನ ಜೊತೆ ಸಿಂಧನೂರಿನ ಹೈಸ್ಕೂಲಿನಲ್ಲಿ ಓದಿದ ಗೆಳೆಯರು ಮೂವರು ಉಳಿದಿದ್ದರು. ಒಬ್ಬ ಹನುಮಂತರಾಯ. ಲಿಂಗಸುಗೂರು ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಹುಟ್ಟಿದವನು. ಮೂವತ್ತೈದು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು. ಇನ್ನೊಬ್ಬ ಇಸ್ಮಾಯಿಲ್‌ಸಾಬ್, ಮುದಗಲ್ಲಿನ ಟೇಲರ್. ಮೂರನೆಯವಳು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಭಾರತಿ. ಬಂಗಾಳದ ನದಿ ದಂಡೆಯಿಂದ ಅಪ್ಪನ ಹೆಗಲ ಮೇಲೆ ಕೂತು ಬಂದ ಕೂಸು, ಇಲ್ಲೇ ಬೆಳೆದು, ಊರೂರಿನ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು.

“ಒಮ್ಮೆ ಸಮುದ್ರದಾಗ ಗಾಳ ಹಾಕೂಣಲೇ” ಎಂದು ಹತ್ತನೆಯ ಇಯತ್ತೆಯಲ್ಲಿ ಹೇಳುತ್ತಿದ್ದವನು ವಿರೇಶ. ಅವನಿಲ್ಲದೆ, ಅವನ ಮಾತು ನಡೆಸಲು, ಈ ಮೂವರೂ ಅರವತ್ತು ದಾಟಿದ ಮೇಲೆ ಹೊನ್ನಾವರದ ಕಡಲಿಗೆ ಬಂದಿದ್ದರು. ಜೊತೆಗೆ ಹನುಮಂತರಾಯನ ಹೆಂಡತಿ ಗದ್ದೆಮ್ಮ, ಆಕೆ ಕಟ್ಟಿಕೊಂಡು ಬಂದ ಸಜ್ಜಿರೊಟ್ಟಿ ಮತ್ತು ಶೇಂಗಾ ಹಿಂಡಿ ಚಟ್ನಿ.

ಬೋಟು ನಿಲ್ಲುವ ಧಕ್ಕೆಯಲ್ಲಿ ಬೋಟಿನವನು ಒಬ್ಬೊಬ್ಬರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ. “ಹಾಕ್ಕಳಿ. ಬಕಲ್ ಹಾಕದೇ ಬೋಟು ಬಿಡೂದಿಲ್ಲ.”

ಇಸ್ಮಾಯಿಲ್‌ಸಾಬ್ ಜಾಕೆಟ್ಟನ್ನು ಹಿಂದೆ ಮುಂದೆ ತಿರುವಿ ನೋಡಿದ. “ಎದಿ ಅಳತಿನ ತಪ್ಪೈತಿ. ಯಾವ ಟೇಲರ್ ಹೊಲದಾನೋ ಏನೋ!”

“ಸೀರಿ ಮ್ಯಾಲ ಇದೇನ್ ಛಂದ ಕಾಣ್ತದಬೇ ಭಾರತಕ್ಕ?” ಎಂದಳು ಗದ್ದೆಮ್ಮ.

“ಯಾರ್ ನೋಡಾಕ ಬರ್ತಾರ ಇಲ್ಲಿ? ಮೀನ ನೋಡ್ತಾವ. ಹಾಕ್ಕೋ,” ಎಂದು ಭಾರತಿ ಆಕೆಯ ಬಕಲ್ ತಾನೇ ಬಿಗಿದಳು.

ಹನುಮಂತರಾಯನೂ ಹಾಕಿಕೊಂಡ. ಆದರೆ ಧಕ್ಕೆ ಕಣ್ಮರೆಯಾಗುವುದೇ ತಡ, ಬಿಚ್ಚಿದ. ಹಲಗೆ ಒದ್ದೆಯಾಗಿತ್ತು. ಜಾಕೆಟ್ಟನ್ನು ನೀಟಾಗಿ ಮಡಿಸಿ ಹಲಗೆಯ ಮೇಲಿಟ್ಟು ಅದರ ಮೇಲೆ ಕೂತ. ಅವನನ್ನು ನೋಡಿ ಇಸ್ಮಾಯಿಲ್‌ಸಾಬನೂ ಹಾಗೇ ಮಾಡಿದ.

ಹೊಳೆಸಾಲಿನವರ ರೂಢಿ ಅದು. ಬಿದಿರು ಹೆಣೆದು ಡಾಂಬರು ಬಳಿದ ದುಂಡನೆಯ ತೆಪ್ಪದ ತಳದಲ್ಲಿ ನೀರು ಜಿನುಗುತ್ತಲೇ ಇರುತ್ತದೆ. ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ ಹಾಸಿಕೊಂಡು ಕೂರಬೇಕು. ಮೂರು ತಲೆಮಾರು ಹಾಗೆ ಕೂತು ಹೊಳೆ ದಾಟಿದೆ. ದೋಣಿಯಲ್ಲಿ ಕೈಗೆ ಮೆತ್ತನೆಯದೇನು ಸಿಕ್ಕರೂ ಅದು ಕುಂಡೆಯ ಕೆಳಗೇ ಹೋಗಬೇಕು.

“ಅದು ಚಾಪೆ ಅಲ್ಲ ಮಾರಾಯ್ರಾ!” ಬೋಟಿನವನು ಹಿಂದಿನಿಂದ ಕೂಗಿದ.

“ಸೆಕಿ ಆಗಾಕತ್ತೈತಿ ತಮ್ಮಾ. ನಾವೇನ್ ನೀರು ನೋಡದ ಮಂದಿ ಅಲ್ಲ. ಕೃಷ್ಣಾದಾಗ ಈಸಿ ದೊಡ್ಡಾದವ್ರು,” ಎಂದ ಹನುಮಂತರಾಯ.

“ಹಾಕ್ಕೋ ರಾಯಾ,” ಎಂದಳು ಭಾರತಿ.

“ಈಸು ಬರೋನಿಗೆ ಯಾತಕ್ಕಬೇ ಇದು? ಹಣೀಬಾರ ಮುಗದಿತ್ತಂದ್ರ ಬಸ್ಸಿನಾಗ ಕುಂತಾಂವನೂ ಹೋಗ್ತಾನ.”

ಬೋಟು ದಂಡೆಯಿಂದ ಸಾಕಷ್ಟು ದೂರ ಬಂದಿತ್ತು. ಬೋಟಿನವನು ಯಂತ್ರ ನಿಲ್ಲಿಸಿ ಲಂಗರು ಬಿಟ್ಟ. ಹಗ್ಗ ಸರಸರನೆ ಇಳಿದು ಬಿಗಿಯಿತು. ಬೋಟು ಗೂಟಕ್ಕೆ ಕಟ್ಟಿದ ಎತ್ತಿನ ಹಾಗೆ ಹಗ್ಗ ಜಗ್ಗುತ್ತ ಅತ್ತಿತ್ತ ಆಡತೊಡಗಿತು. ಸಿಗಡಿ ಚುಚ್ಚಿದ ಗಾಳಗಳು ನೀರಿಗಿಳಿದವು.

ಮೀನಿಗೆ ಅವಸರವಿರಲಿಲ್ಲ. ಇವರಿಗೂ ಇರಲಿಲ್ಲ. ರೊಟ್ಟಿ ಬಿಚ್ಚಿದರು. ಮಾತು ತಾನಾಗಿ ಹಿಂದಕ್ಕೆ ಹೋಯಿತು. ಸಂಕ್ರಾಂತಿ ಹೊತ್ತಿಗೆ ಹನುಮಂತರಾಯನ ನಡುಗಡ್ಡೆಯ ಹೊಲದಲ್ಲಿ ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಬಿಸಿ ಬಿಸಿ ಸೀತನಿ ತಿನ್ನುತ್ತಿದ್ದದ್ದು. ಬೆಲ್ಲಕ್ಕೆ ಜಗಳವಾಡಿದ್ದು. ಕ್ಯಾಂಪಿನಿಂದ ಭಾರತಿ ತಂದ ಮೀನಿನ ಸಾರಿನ ಡಬ್ಬಿಯನ್ನು ಇಸ್ಮಾಯಿಲ್ ಒಬ್ಬನೇ ಖಾಲಿ ಮಾಡಿದ್ದು.

“ನಡು ಹೊಳ್ಯಾಗ ಮಂದಿ ಗಂಗವ್ವಗ ಅಂತ ನಾಕಾಣೆ ಒಗದ್ರ ಸಾಕು,” ಇಸ್ಮಾಯಿಲ್‌ಸಾಬ್ ನಕ್ಕ, “ವಿರೇಶ ತೆಪ್ಪದಿಂದ ಜಿಗದಾಂವನ. ಹಲ್ಲಾಗ ನಾಕಾಣೆ ಕಚ್ಚಿಕೊಂಡು ಏಳ್ತಿದ್ದ. ಮೀನ ಆಗಿದ್ದ ಸೂಳೇಮಗ.”

“ಆ ದುಡ್ಡಿಲೆ ನಮಗ ಪೆಪ್ಪರಮೆಂಟು,” ಎಂದಳು ಭಾರತಿ.

ನಾಲ್ವರೂ ನಕ್ಕರು. ನಗು ಒಂದು ಜಾಗಕ್ಕೆ ಬಂದು ನಿಂತಿತು. ಅದರ ಮುಂದಿನದನ್ನು ಈ ಗೆಳೆಯರು ನಲವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಆಡಿರಲಿಲ್ಲ.

ಅಷ್ಟರಲ್ಲಿ ಗದ್ದೆಮ್ಮನ ದಾರ ಜಗ್ಗಿತು. “ಯವ್ವಾ! ಬಂತ್ರೀ! ಏನೋ ಬಂತು!”

ಉಳಿದ ಮೂವರೂ ಒಮ್ಮೆಗೇ ಎದ್ದರು. ಮೂವರೂ ಒಂದೇ ಮಗ್ಗುಲಿಗೆ ಓಡಿದರು. ಮೊಳದುದ್ದದ ಬೆಳ್ಳನೆಯ ಮೀನು ನೀರಿನಿಂದ ಮೇಲೆದ್ದದ್ದೂ, ಬೋಟು ಆ ಕಡೆಗೆ ವಾಲಿದ್ದೂ ಒಂದೇ ಸಲಕ್ಕೆ ಆಯಿತು. ರೊಟ್ಟಿಯ ಬುಟ್ಟಿ ಜಾರಿತು. ಹನುಮಂತರಾಯನ ಎದೆ ಬೋಟಿನ ಅಂಚಿಗೆ ಬಡಿಯಿತು. ತಲೆ ನೀರಿನ ಮೇಲೆ ಬಾಗಿತು. ಭಾರತಿ ಅವನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಜಗ್ಗಿದಳು.

“ಕೂತ್ಕಳಿ! ಎಲ್ಲಾ ಕೂತ್ಕಳಿ! ಎರಡೂ ಬದಿಗೆ!” ಬೋಟಿನವನು ಕಿರುಚಿದ.

ಕೂತರು. ಬೋಟು ನೆಟ್ಟಗಾಯಿತು. ಯಾರಿಗೂ ಏನೂ ಆಗಲಿಲ್ಲ. ಹನುಮಂತರಾಯ ಹಾಸಿಕೊಂಡಿದ್ದ ಜಾಕೆಟ್ ಮಾತ್ರ ನೀರಿಗೆ ಬಿದ್ದು ಅಲೆಯ ಮೇಲೆ ಹತ್ತಿ ಇಳಿಯುತ್ತ ದೂರ ಹೋಗುತ್ತಿತ್ತು. ತೋಳಿಲ್ಲ, ತಲೆಯಿಲ್ಲ. ಆದರೆ ಮುಳುಗುತ್ತಿರಲಿಲ್ಲ.

ಹನುಮಂತರಾಯ ಅದನ್ನೇ ನೋಡುತ್ತಿದ್ದ.

“ರಾಯಾ,” ಭಾರತಿ ಮೆಲ್ಲಗೆ ಕೇಳಿದಳು, “ನಮ್ಮೊಳಗ ಎಲ್ಲಾರಿಗಿಂತ ಛಲೋ ಈಸ್ತಿದ್ದಾಂವ ಯಾರು?”

ಉತ್ತರ ಕೊಟ್ಟವನು ಇಸ್ಮಾಯಿಲ್‌ಸಾಬ್.

“ವಿರೇಶ. ತೆಪ್ಪ ಮಗಚಿ ಬಿದ್ದಾಗ ನನ್ನ ಕೊಳ್ಳಪಟ್ಟಿ ಹಿಡದು ದಂಡೀ ಕಡೆ ನೂಕಿದಾಂವ ಅವನ. ನಾ ದಂಡಿ ಮುಟ್ಟಿ ತಿರುಗಿ ನೋಡಿದ್ರ, ಇನ್ನಿಬ್ಬರು ಅವನ ಕೊರಳಿಗೆ ಜೋತು ಬಿದ್ದಿದ್ರು.”

“ಈಸು ಬರೋನಿಗೆ ಮಂದಿ ಮೊದಲು ಜೋತು ಬೀಳ್ತಾರ,” ಎಂದಳು ಭಾರತಿ. “ಕಾಲು ಹಿಡಕೊಂತಾವ. ತಲಿಗೆ ಪೆಟ್ಟು ಬೀಳ್ತದ. ಸೀರಿ ಕಾಲಿಗೆ ಸುತ್ತಿಕೊಂತದ. ಆಗ ಈಸು ಏನ್ ಮಾಡ್ತದ? ಜಾಕೆಟ್ಟು ಈಸು ಬರದವರಿಗೆ ಅಷ್ಟ ಅಲ್ಲೋ. ಅವತ್ತು ಎಲ್ಲಾರ ಮೈಮ್ಯಾಗ ಇದ್ದಿದ್ರ ಯಾರೂ ಅವನ ಕೊರಳಿಗೆ ಬೀಳ್ತಿದ್ದಿಲ್ಲ.”

ಆಗ ಹನುಮಂತರಾಯ ಬಾಯಿ ಬಿಟ್ಟ. “ಅಂವ ಒಲ್ಲೆ ಅಂದಿದ್ದ. ತೆಪ್ಪ ತುಂಬೈತಿ, ಮುಂದಿನದಕ್ಕ ಬರ್ತೀನಿ ಅಂದ. ನಾನ ಕೈ ಹಿಡದು ಜಗ್ಗಿದೆ. ಹತ್ತಲೇ, ಏನಾಗ್ತದ ಅಂದೆ.” ತನ್ನ ಅಂಗೈ ನೋಡಿಕೊಂಡ. “ಹಣೀಬಾರ ಹಣೀಬಾರ ಅಂತ ನಲವತ್ತನಾಕು ವರ್ಷ ಅಂದೀನಿ. ಹಂಗಂದ್ರ ನನ್ನ ಕೈ ನನಗ ಕಾಣತಿದ್ದಿಲ್ಲ.”

ಗದ್ದೆಮ್ಮ ಗಂಡನ ಬೆನ್ನ ಮೇಲೆ ಕೈಯಿಟ್ಟಳು. ಹಣೆಬರಹ ಎನ್ನುವ ಮಾತು ಎಷ್ಟು ಮಂದಿಯನ್ನು ಉಳಿಸಿದೆ! ತೆಪ್ಪ ತುಂಬಿದವನನ್ನು, ತುಂಬುವಾಗ ನೋಡಿ ಸುಮ್ಮನಿದ್ದವನನ್ನು, ಸೇತುವೆ ಕಟ್ಟುತ್ತೇನೆಂದು ಓಟು ಕೇಳಿ ಹೋದವನನ್ನು. ಮುಳುಗಿದವನನ್ನು ಮಾತ್ರ ಅದು ಉಳಿಸಿಲ್ಲ. ವಿಧಿ ಯಾವ ತೆಪ್ಪಕ್ಕೂ ಮಂದಿಯನ್ನು ಹತ್ತಿಸುವುದಿಲ್ಲ. ಮನುಷ್ಯರೇ ಹತ್ತಿಸುತ್ತಾರೆ.

ಬೋಟಿನವನು ಲಂಗರು ಎತ್ತಿ, ಬೋಟು ತಿರುಗಿಸಿ, ಉದ್ದನೆಯ ಕೊಕ್ಕೆಯಿಂದ ಜಾಕೆಟ್ಟನ್ನು ಎಳೆದು ಕೊಟ್ಟ. ಹನುಮಂತರಾಯ ನೀರು ಸೋರುತ್ತಿದ್ದ ಅದನ್ನೇ ತೊಟ್ಟ. ಇಸ್ಮಾಯಿಲ್‌ಸಾಬ್ ತನ್ನದನ್ನು ತೊಟ್ಟ. ಭಾರತಿ ಇಬ್ಬರ ಬೆಲ್ಟನ್ನೂ ಬಿಗಿದು, ಭುಜದ ಹತ್ತಿರ ಹಿಡಿದು ಮೇಲಕ್ಕೆ ಜಗ್ಗಿ ನೋಡಿದಳು.

“ಹಿಂಗ ಜಗ್ಗಿದಾಗ ಗದ್ದಕ್ಕ ಏರಿ ಬಂದ್ರ ಸಡಿಲ ಅಂತ ಅರ್ಥ. ದಂಡೀ ಮ್ಯಾಗ ಹಾಕ್ಕೋಬೇಕು, ದಂಡೀ ಮ್ಯಾಗ ಬಿಚ್ಚಬೇಕು. ನೀರಿಗೆ ಬಿದ್ದ ಮ್ಯಾಲ ಹುಡುಕಿದ್ರ ಸಿಗಂಗಿಲ್ಲ.”

“ಆತು ಸಿಸ್ಟರ್,” ಎಂದ ಇಸ್ಮಾಯಿಲ್‌ಸಾಬ್. “ಅಳತಿನೂ ಸರಿ ಐತಿ ಬಿಡು.”

ಸಂಕ್ರಾಂತಿಯ ಮರುದಿನ ಮೂವರೂ ಗದ್ದೆಮ್ಮನೊಂದಿಗೆ ಕೃಷ್ಣೆಯ ದಂಡೆಯಲ್ಲಿದ್ದರು. ನಡುಗಡ್ಡೆಯಲ್ಲಿ ಹೊಸ ಜೋಳದ ತೆನೆ ಸೀತನಿಗೆ ಬಂದಿತ್ತು. ತೆಪ್ಪ ಈಗಲೂ ಎಂಟು ಮಂದಿ ಕೂರುವಂಥದೇ. ಅದರೊಳಗೆ ಆಗಲೇ ಹನ್ನೊಂದು ಮಂದಿ ಕೂತಿದ್ದರು. ಊರಿಗೆಂದು ಎರಡು ವರ್ಷದ ಹಿಂದೆ ಬಂದಿದ್ದ ಹತ್ತು ಜಾಕೆಟ್‌ಗಳು ಕಚೇರಿಯೊಂದರ ಕಪಾಟಿನಲ್ಲಿದ್ದವು. ಹನುಮಂತರಾಯ ಮೂರು ಸಲ ಹೋಗಿ ಕೇಳಿದ್ದ. ‘ಹೊಲಸಾಗ್ತಾವ, ಸಾಹೇಬರು ಬಂದಾಗ ತೋರಿಸಬೇಕು’ ಎಂಬ ಉತ್ತರ ಸಿಕ್ಕಿತ್ತು.

“ಹತ್ತು ಮಾವಾ,” ತೆಪ್ಪ ನಡೆಸುವ ಹುಲಿಗೇಶ ಕೈ ಚಾಚಿದ. “ಹತ್ತು ನಿಮಿಷದ ಹಾದಿ. ಇನ್ನ ನಾಕು ಮಂದಿ ಹಿಡೀತಾರ.”

ಇದನ್ನು ಓದುತ್ತಿರುವ ಅಕ್ಕಾ, ಕೇಳುತ್ತಿರುವ ಅಣ್ಣಾ, ಆ ಕೈ ನಾಳೆ ನಿಮ್ಮ ಮುಂದೆಯೂ ಬರುತ್ತದೆ. ಹೊಳೆಯಲ್ಲಿ ಬರಬಹುದು, ಕೆರೆಯಲ್ಲಿ ಬರಬಹುದು, ಗೆಳೆಯರ ಜೊತೆ ಹೋದ ಕಡಲಿನಲ್ಲೂ ಬರಬಹುದು. ಹಿಡಿಯುವ ಮುಂಚೆ ತಲೆ ಎಣಿಸಿ. ಮೈಮೇಲೆ ಜಾಕೆಟ್ ಇದೆಯೇ, ಬಕಲ್ ಬಿಗಿದಿದೆಯೇ ನೋಡಿ. ಎಲ್ಲರೂ ಒಂದೇ ಮಗ್ಗುಲಿಗೆ ಏಳಬೇಡಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ದಂಡೆಯ ಮೇಲಿರುವವರಿಗೆ ಹೇಳಿಹೋಗಿ. ಅನಾಹುತವಾದರೆ ತಕ್ಷಣ 112ಕ್ಕೆ ಕರೆ ಮಾಡಿ. ನಿಮ್ಮ ಊರಿನ ಜಾಕೆಟ್ ಕಪಾಟಿನಲ್ಲಿದ್ದರೆ ಒಬ್ಬರೇ ಹೋಗಿ ಬೇಡಬೇಡಿ, ಊರೇ ಹೋಗಿ ಕೇಳಿ. ಅದು ಭಿಕ್ಷೆಯಲ್ಲ, ನಿಮ್ಮದೇ.

ಹನುಮಂತರಾಯ ಆ ಕೈಯನ್ನು ನೋಡಿದ. ಬಗಲಲ್ಲಿದ್ದ ಗೋಣಿತಟ್ಟನ್ನು ನಾಲ್ಕು ಮಡಿಕೆ ಮಾಡಿ, ದಂಡೆಯ ಮೇಲೇ ಹಾಸಿ, ಕೂತುಬಿಟ್ಟ. ಅವನ ಮಗ್ಗುಲಿಗೆ ಇಸ್ಮಾಯಿಲ್‌ಸಾಬ್, ಗದ್ದೆಮ್ಮ, ಭಾರತಿ ಕೂತರು.

“ಒಲ್ಲೆ,” ಎಂದ. “ಆ ಕಪಾಟಿನ ಕೀಲಿ ತರ್ರಿ. ಎಂಟಕ್ಕಿಂತ ಹೆಚ್ಚಿನ ಮಂದಿ ಇಳೀರಿ. ಅಲ್ಲೀತನ ನಾ ಹತ್ತಂಗಿಲ್ಲ. ಇನ್ನೊಬ್ಬರ ಕೈ ಹಿಡದು ಹತ್ಸಂಗೂ ಇಲ್ಲ.”