ಕೆಂಪನಂಜಪ್ಪನವರು ಬಿಚ್ಚಿದ ಹಳೆಯ ರೆಕಾರ್ಡರ್

ಕೆಟ್ಟುಹೋದ ಯಂತ್ರದ ಮುಂದೆ ಕುಳಿತರೆ ಕೆಂಪನಂಜಪ್ಪನವರ ಕೈ ಒಡನೆ ಸ್ಕ್ರೂಡ್ರೈವರಿಗೆ ಹೋಗುತ್ತಿರಲಿಲ್ಲ. ಬಲಗಿವಿಯನ್ನು ಅದರ ಮೈಗೆ ಒತ್ತಿ, ಕಣ್ಣು ಮುಚ್ಚಿ, ರೋಗಿಯ ಎದೆಬಡಿತ ಕೇಳುವ ವೈದ್ಯನಂತೆ ಅರೆಗಳಿಗೆ ನಿಶ್ಚಲರಾಗಿರುತ್ತಿದ್ದರು. ಆಮೇಲೆ ಕಾಯಿಲೆಯ ಹೆಸರು ಹೇಳುತ್ತಿದ್ದರು, ಅದು ತಪ್ಪಿದ್ದನ್ನು ಕೊಳ್ಳೇಗಾಲದಲ್ಲಿ ನಾನು ಪ್ರೌಢಶಾಲೆಯ ಮೇಷ್ಟ್ರಾಗಿದ್ದ ಹದಿನೆಂಟು ವರ್ಷಗಳಲ್ಲಿ ಕಂಡದ್ದು ಕಡಿಮೆ.

ಲೊಕ್ಕನಹಳ್ಳಿಯಿಂದ ಬಂದು, ಎಂಬತ್ತಾರರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ ತೆರೆದ ಈ ಮನುಷ್ಯ, ಬೇಸಿಗೆಯಲ್ಲೂ ಖಾಕಿ ಕೋಟು ಬಿಚ್ಚುತ್ತಿರಲಿಲ್ಲ. ಜೇಬುಗಳಲ್ಲಿ ಸಾಲ್ಡರಿಂಗ್ ತಂತಿ, ಸುಟ್ಟ ಫ್ಯೂಸು, ನಶ್ಯದ ಡಬ್ಬಿ ಕೂಡಿಕೊಂಡು ಕೋಟು ಒಂದು ಮಗ್ಗುಲಿಗೆ ಜೋತಾಡುತ್ತಿತ್ತು. ಆ ಭಾರಕ್ಕೋ ಏನೋ, ನಡಿಗೆಯೂ ಎಡಕ್ಕೆ ವಾಲುತ್ತಿತ್ತು. ಪ್ರತಿ ಬೆಳಿಗ್ಗೆ ರೇಡಿಯೋ ವಾರ್ತೆಯ ಹೊತ್ತಿಗೆ ಕೈಗಡಿಯಾರ ಸರಿಮಾಡಿಕೊಂಡು, ಯಾರ ಮನೆಗೆ ಹೋದರೂ ಕೇಳದೆಯೇ ಸ್ಟೂಲು ಹತ್ತಿ ಅವರ ಗೋಡೆಗಡಿಯಾರವನ್ನು ತಿದ್ದುವುದು ಅವರ ಬಿಡದ ಚಟ. ಅಂಥವರ ಬದುಕು ಒಂದು ತಪ್ಪು ಗಡಿಯಾರದಿಂದಲೇ ಮುರಿಯಿತು.

ಶಾಂತರಾಜು ಅವರ ರೇಷ್ಮೆ ಸೀರೆ ಅಂಗಡಿಗೆ ತೊಂಬತ್ತೆಂಟರಲ್ಲಿ ಕ್ಯಾಮೆರಾ ಬಂತು. ಛಾವಣಿಯ ಮೂಲೆಗಳಲ್ಲಿ ನಾಲ್ಕು ಕಪ್ಪುಬಿಳುಪು ಕ್ಯಾಮೆರಾ, ಒಳಕೋಣೆಯಲ್ಲಿ ಅವುಗಳ ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಹಿಡಿಯುವ ಒಂದು ದಪ್ಪ ರೆಕಾರ್ಡರ್. ಅದನ್ನು ಜೋಡಿಸಿದವರೂ ಸಂಬಾಳಿಸುತ್ತಿದ್ದವರೂ ಕೆಂಪನಂಜಪ್ಪನವರೇ. ಕಾಲಕ್ರಮೇಣ ಅದರೊಳಗಿನ ಪುಟ್ಟ ಬ್ಯಾಟರಿ ಸತ್ತಿತು. ಕರೆಂಟು ಹೋದರೆ ರೆಕಾರ್ಡರಿನ ಗಡಿಯಾರ ನಿಂತು, ಬಂದಮೇಲೆ ನಿಂತಲ್ಲಿಂದಲೇ ಹೊರಡುತ್ತಿತ್ತು. ಇವರು ಮಾಲೀಕರಿಗೆ ಒಮ್ಮೆ ಹೇಳಿದರು. "ಟೈಮ್ ಕಟ್ಕಂಡು ಏನಾಗ್ಬೇಕು, ಚಿತ್ರ ಬಂದ್ರೆ ಸಾಕು" ಎಂದರು ಶಾಂತರಾಜು. ಇವರು ಎರಡನೆಯ ಸಲ ಹೇಳಲಿಲ್ಲ. ಊರಿನ ಗಡಿಯಾರಗಳನ್ನೆಲ್ಲ ಹಟದಿಂದ ತಿದ್ದಿದವರು ದೊಡ್ಡವರ ಅಂಗಡಿಯ ಗಡಿಯಾರದ ಮುಂದೆ ಸುಮ್ಮನಾದರು.

ಎರಡು ಸಾವಿರದ ಎರಡರ ಶ್ರಾವಣದಲ್ಲಿ ಒಂದು ಜರತಾರಿ ಸೀರೆ ಕಾಣೆಯಾಯಿತು. ಕ್ಯಾಸೆಟ್ಟು ಹಾಕಿ ತೋರಿಸಲು ಕೆಂಪನಂಜಪ್ಪನವರಿಗೆ ಕರೆ ಬಂತು. ಕೆಲಸದವರನ್ನೆಲ್ಲ ಟೀವಿಯ ಮುಂದೆ ನಿಲ್ಲಿಸಿದ್ದರು. ಕ್ಯಾಮೆರಾಕ್ಕೆ ಬೆನ್ನುಮಾಡಿದ ಒಬ್ಬ ಹೆಂಗಸು ಮಡಿಸಿದ ಸೀರೆಯೊಂದನ್ನು ಚೀಲಕ್ಕೆ ಇಳಿಸುತ್ತಿರುವುದು ಮಸುಕಾಗಿ ಕಂಡಿತು. ಮುಖವಿಲ್ಲ, ಬಣ್ಣವಿಲ್ಲ, ಮೂಲೆಯಲ್ಲಿ ನಾಲ್ಕು ಹತ್ತು ಎಂಬ ಅಂಕಿ ಮಾತ್ರ ಸ್ಪಷ್ಟ. ಆ ಹೊತ್ತಿನಲ್ಲಿ ಆ ಕೌಂಟರಿನಲ್ಲಿ ಒಬ್ಬಳೇ ಇದ್ದವಳು ಚನ್ನಮಲ್ಲಮ್ಮ. ಯಳಂದೂರಿನಿಂದ ದಿನವೂ ಬಸ್ಸಿನಲ್ಲಿ ಬಂದು, ಐದರ ಬಸ್ಸಿಗೆ ಮರಳುತ್ತಿದ್ದ, ಹನ್ನೊಂದು ವರ್ಷ ಅಲ್ಲಿ ಸೀರೆ ಮಡಿಸಿದ ಹೆಂಗಸು. ಅವಳು ಮಾಲೀಕರ ಕಡೆ ನೋಡಲಿಲ್ಲ. ಕೆಂಪನಂಜಪ್ಪನವರ ಕಡೆ ತಿರುಗಿದಳು.

"ಅಣ್ಣ, ನೀವೇ ನಿಜ ಏಳಿ. ಅದು ನಾನಾ?"

"ಮಿಷಿನ್ ಸುಳ್ಳೇಳಲ್ಲ ಕಣಮ್ಮ" ಎಂದರು ಇವರು.

ಪೊಲೀಸಿಗೆ ಕೊಡಲಿಲ್ಲ, ಅದೇ ದೊಡ್ಡ ಉಪಕಾರವೆಂಬಂತೆ ಅವಳನ್ನು ಹೊರಗೆ ಕಳಿಸಿದರು. ಅನಂತರ ಪಟ್ಟಣದ ಯಾವ ಸೀರೆ ಅಂಗಡಿಯೂ ಅವಳಿಗೆ ಕೆಲಸ ಕೊಡಲಿಲ್ಲ. ಶಾಂತರಾಜು ಆ ಕ್ಯಾಸೆಟ್ಟನ್ನು ಬೀರುವಿನಲ್ಲಿ ಜೋಪಾನವಾಗಿಟ್ಟು, ಹೊಸದಾಗಿ ಸೇರಿದ ಪ್ರತಿ ಹುಡುಗಿಗೂ ಎಚ್ಚರಿಕೆಯ ಪಾಠವಾಗಿ ತೋರಿಸುತ್ತಿದ್ದರು.

ಮರುವರ್ಷದ ಕೊನೆಯಲ್ಲಿ ಹಳೆಯ ರೆಕಾರ್ಡರ್ ಕ್ಯಾಸೆಟ್ಟುಗಳನ್ನು ಕಚ್ಚಿ ಹರಿಯತೊಡಗಿತು. ಕ್ಯಾಮೆರಾ, ವೈರುಗಳು ಅವೇ ಇರಲಿ, ರೆಕಾರ್ಡರ್ ಮಾತ್ರ ಬದಲಿಸು ಎಂದು ಅಪ್ಪಣೆಯಾಯಿತು. ಬೆಂಗಳೂರಿನಿಂದ ಹಾರ್ಡ್‌ಡಿಸ್ಕಿನ ಹೊಸ ರೆಕಾರ್ಡರ್ ಬಂತು. ಹಳೆಯದನ್ನು ತೆಗೆಯುವ ಮುನ್ನ ಆ ಪಾಠದ ಕ್ಯಾಸೆಟ್ಟನ್ನು ಹೊಸದಕ್ಕೆ ಕಾಪಿ ಮಾಡಿಡಬೇಕೆಂದು ಮಾಲೀಕರು ಹೇಳಿದರು. ಕಾಪಿ ಆಗುವಷ್ಟು ಹೊತ್ತೂ ಕೆಂಪನಂಜಪ್ಪನವರು ಅದರ ಮುಂದೆ ಕೂರಬೇಕಾಯಿತು. ಆ ಕ್ಯಾಸೆಟ್ಟನ್ನು ಕೊನೆಯವರೆಗೆ ನೋಡಿದ್ದು ಅದೇ ಮೊದಲು. ಹೆಂಗಸು ಚೀಲ ಮುಚ್ಚಿ ಹೋದಳು. ಸ್ವಲ್ಪ ಹೊತ್ತಿನಲ್ಲೇ ಅದೇ ಕೌಂಟರಿನ ಹಿಂದಿನ ದೇವರ ಪಟಕ್ಕೆ ಯಾರೋ ದೀಪ ಹಚ್ಚಿದರು. ಮೂಲೆಯ ಅಂಕಿ ನಾಲ್ಕೂವರೆ ಎನ್ನುತ್ತಿತ್ತು.

ಆ ಅಂಗಡಿಯಲ್ಲಿ ದೀಪ ಹಚ್ಚುವುದು ಸಂಜೆ ಆರಕ್ಕೆ. ಅದು ತಪ್ಪಿದ ದಿನವಿಲ್ಲ. ಅಷ್ಟರೊಳಗೆ ಹಲವು ಸಲ ಕರೆಂಟು ಹೋಗಿ ಗಡಿಯಾರ ಒಂದೂವರೆ ಗಂಟೆ ಹಿಂದೆ ಬಿದ್ದಿತ್ತು. ಸೀರೆ ಚೀಲಕ್ಕೆ ಇಳಿದಾಗ ನಿಜವಾದ ಹೊತ್ತು ಐದು ನಲವತ್ತು, ಚನ್ನಮಲ್ಲಮ್ಮ ಐದರ ಬಸ್ಸು ಹತ್ತಿ ಹೋಗಿದ್ದಳು. ಐದರ ನಂತರ ಆ ಕೌಂಟರಿನಲ್ಲಿ ಕೂರುತ್ತಿದ್ದವರು ಮಾಲೀಕರ ಮನೆಯ ಹೆಂಗಸರು.

ಇವರು ಶಾಂತರಾಜು ಅವರನ್ನು ಒಳಗೆ ಕರೆದು ತೋರಿಸಿದರು. ಅವರು ಎರಡು ಸಲ ನೋಡಿದರು, ಕ್ಯಾಸೆಟ್ಟನ್ನು ಹೊರಗೆ ತೆಗೆಸಿ ಕೈಲಿ ಹಿಡಿದುಕೊಂಡರು. "ಆಗಿದ್ದು ಆಗೋಯ್ತು ಕೆಂಪನಂಜಪ್ಪ. ಕಾಪಿ ಬ್ಯಾಡ, ಬುಟ್ಬುಡು. ಒಸದ ಜೋಡ್ಸು."

ಇವರು ಜೋಡಿಸಿದರು. ಅದನ್ನು ಮುಚ್ಚಿಟ್ಟು ಬರೆದರೆ ಈ ವ್ಯಕ್ತಿಚಿತ್ರ ಸುಳ್ಳಾದೀತು. ನಾಲ್ಕೂ ವೈರುಗಳನ್ನು ಸಿಕ್ಕಿಸಿ, ಹೊಸ ರೆಕಾರ್ಡರಿನ ಗಡಿಯಾರವನ್ನು ಸೆಕೆಂಡು ತಪ್ಪದಂತೆ ಹೊಂದಿಸಿ, ನೇರವಾಗಿ ನನ್ನ ಮನೆಗೆ ಬಂದು ಜಗಲಿಯ ಮೇಲೆ ಕುಳಿತರು. "ಮೇಷ್ಟ್ರೇ, ಬ್ಯಾಟ್ರಿ ಸತ್ತಿದ್ದು ನಂಗೆ ಗೊತ್ತಿತ್ತು. ಅವ್ಳು ಕೇಳ್ದಾಗ್ಲೂ ಗೊತ್ತಿತ್ತು. ಆಗ ಅದು ಗ್ಯಾನಕ್ಕೆ ಬರ್ನಿಲ್ಲ ಅಂದ್ರೆ ನೀವು ನಂಬ್ತೀರಾ?" ಅದನ್ನು ಅವಳ ಮುಂದೆಯೇ ಹೇಳಿ ಎಂದೆ.

ಭಾನುವಾರ ಇಬ್ಬರೂ ಯಳಂದೂರಿಗೆ ಹೋದೆವು. ಚನ್ನಮಲ್ಲಮ್ಮ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕಡೆ ಕೂಲಿಗಿದ್ದಳು. ಬಿಸಿನೀರಿನಲ್ಲಿ ನೆಂದೂ ನೆಂದೂ ಅವಳ ಬೆರಳುಗಳು ಬಿಳಿಚಿ ಬಿರಿದಿದ್ದವು. ಕೆಂಪನಂಜಪ್ಪನವರು ದೀಪದಿಂದ ಹಿಡಿದು ಬ್ಯಾಟರಿಯವರೆಗೆ ಒಂದನ್ನೂ ಬಿಡದೆ ಹೇಳಿದರು. ಅವಳು ಎಳೆ ಹುಡುಕುತ್ತಲೇ ಕೇಳಿಸಿಕೊಂಡಳು.

"ಅವತ್ತು ಎಲ್ರ ಮುಂದ ಏಳುದ್ರಿ ಅಣ್ಣ. ಇವತ್ತು ನನ್ನೊಬ್ಬಳ ಮುಂದ ಏಳ್ತಿದ್ದೀರಿ."

ಸೋಮವಾರ ಬೆಳಿಗ್ಗೆ ಅಂಗಡಿ ತುಂಬ ಮದುವೆ ಸೀರೆಯ ಗಿರಾಕಿಗಳು. ಕೆಂಪನಂಜಪ್ಪನವರು ಕೋಟಿನಲ್ಲೇ ಹೋಗಿ ನಡುವೆ ನಿಂತು, ಚನ್ನಮಲ್ಲಮ್ಮ ಕದ್ದಿಲ್ಲವೆಂದೂ, ತಾನು ತಪ್ಪು ಹೇಳಿದೆನೆಂದೂ, ಮಾಲೀಕರಿಗೂ ಇದು ಗೊತ್ತೆಂದೂ ದನಿಯೆತ್ತಿ ಹೇಳಿದರು. ಶಾಂತರಾಜು ಎದ್ದು ಬಂದು, "ಇವ್ನಿಗೆ ತಲೆ ಕೆಟ್ಟದೆ, ಆಚ್ಗೆ ಕರ್ಕಂಡೋಗಿ" ಎಂದರು. ಕ್ಯಾಸೆಟ್ಟು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅದು ಆ ಹೊತ್ತಿಗಾಗಲೇ ಬೂದಿಯಾಗಿತ್ತಂತೆ. ಕಂಡದ್ದನ್ನು ಆಡಿಬಿಡುವ ಮೆಕ್ಯಾನಿಕ್ಕು ಯಾವ ಅಂಗಡಿಗೂ ಬೇಡವಾದ. ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ ಅವರು ಬಾಗಿಲು ಎಳೆದುಕೊಂಡು ಲೊಕ್ಕನಹಳ್ಳಿಗೆ ಮರಳಿದರು.

ಎಲ್ಲರ ಮುಂದೆ ಹೇಳಿದ ಸುದ್ದಿಯನ್ನು ಚನ್ನಮಲ್ಲಮ್ಮನಿಗೆ ಮುಟ್ಟಿಸಿದವನು ನಾನು. "ಏಳುದ್ರಾ" ಎಂದಳು, ಅಷ್ಟೇ. ಯಾರೂ ಅವಳನ್ನು ಮರಳಿ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದಳೆಂದು ನನಗನ್ನಿಸುವುದಿಲ್ಲ.

ನಮ್ಮ ಸಣ್ಣ ಪಟ್ಟಣಗಳಲ್ಲಿ ಇಂಥ ಕುಶಲಕರ್ಮಿಗಳು ಬೀದಿಗೊಬ್ಬರಿದ್ದಾರೆ. ಯಂತ್ರದ ಅಣುವಿನಷ್ಟು ದೋಷವನ್ನೂ ಸಹಿಸದ ಅವರು, ಉಳ್ಳವರ ಎದುರು ಮಾತ್ರ ದನಿ ತಗ್ಗಿಸುವುದನ್ನು ಅನ್ನದ ಜೊತೆಯಲ್ಲೇ ಕಲಿತಿರುತ್ತಾರೆ. ಊರಿಗೆ ಬೇಕಾದದ್ದು ಅವರ ಕೈ, ಬಾಯಲ್ಲ. ಅವರಲ್ಲೊಬ್ಬ ಎಂದಾದರೂ ತಡವಾಗಿ ಬಾಯಿ ತೆರೆದರೆ, ಮಾತಾಡಿದ್ದಕ್ಕಾಗಿ ಊರು ಅವನನ್ನು ಕ್ಷಮಿಸುವುದಿಲ್ಲ, ತಡಮಾಡಿದ್ದಕ್ಕಾಗಿ ನೊಂದವರು ಕ್ಷಮಿಸುವುದಿಲ್ಲ. ಊರಿನದು ಅನ್ಯಾಯ, ನೊಂದವರದು ನ್ಯಾಯ. ಎರಡನ್ನೂ ಅವನು ಒಂದೇ ಬೆನ್ನಿನ ಮೇಲೆ ಹೊತ್ತು ನಡೆಯಬೇಕು.