ಚುಕ್ಕೆಯಿಲ್ಲದ ಬೆಕ್ಕು

ಬೀದಿಯವರಿಗೆಲ್ಲ ಆಕೆ ರೇಡಿಯೋ ಅಕ್ಕ. ಕೆಟ್ಟು ಕೂತ ರೇಡಿಯೋ ಕೊಟ್ಟರೆ ಹಾಡಿಸಿ ವಾಪಸು ಕೊಡುವ ಕೈ. ಒಂದು ಮಧ್ಯಾಹ್ನ ಬೆಸುಗೆ ಹಾಕುವ ಬಿಸಿ ಕಡ್ಡಿ ಕೈಜಾರಿ ಮೇಜಿನ ಮೇಲೆ ಉರುಳಿತು. ಬೇರೆ ಯಾರಾದರೂ ಆಗಿದ್ದರೆ ಮೇಜು ಹಾಳಾಯಿತೆಂದು ತಲೆ ಚಚ್ಚಿಕೊಳ್ಳುತ್ತಿದ್ದರು. ಈಕೆ ಹೊಗೆ ಆರುವ ಮುಂಚೆಯೇ ಆ ಕಂದು ಗೆರೆಗೆ ಇನ್ನೊಂದು ಗೆರೆ ಸೇರಿಸಿ ಎಲೆ ಮಾಡಿಬಿಟ್ಟಳು. ಅಲ್ಲಿಂದ ಹುಚ್ಚು ಹಿಡಿಯಿತು ಅನ್ನಿ. ಮಣೆ, ಸೌಟಿನ ಹಿಡಿ, ಕೊನೆಗೆ ಗಂಡ ಕೂರುವ ಸ್ಟೂಲು, ಯಾವುದನ್ನೂ ಬಿಡಲಿಲ್ಲ. "ನಾನು ಅಲ್ಲಾಡದೆ ಕೂತ್ರೆ ನನ್ನ ಮೇಲೂ ಹೂ ಬಿಡಿಸ್ತಾಳೆ," ಎಂದು ಗಂಡ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಅವಳಿಗೆ ಬೇಕಾಗಿದ್ದು ಹಿತ್ತಲಿನ ಶೆಡ್ಡಿನಲ್ಲಿ ಭಾವನ ಎದುರು ಒಂದು ಜಾಗ. ಗಂಡನ ಅಣ್ಣನಾದ ಈ ಭಾವ ಬಡಗಿ. ಮಾತು ಕಡಿಮೆ, ಇದ್ದಷ್ಟೂ ಖಾರ. ಅವನನ್ನು ಕದ್ದು ನೋಡಿಯೇ ಅವಳು ಮರ ಹೆರೆಯುವ ಉಜ್ಜುಗೊರಡು ಹಿಡಿಯಲು ಕಲಿತಿದ್ದಳು, ಉಪ್ಪುಕಾಗದ ತಿಕ್ಕಿ ಬೆರಳ ಚರ್ಮ ಸವೆಸಿಕೊಂಡಿದ್ದಳು. ಹಾಗೆ ನಯ ಮಾಡಿ, ಹಕ್ಕಿಯ ಚಿತ್ರ ಸುಟ್ಟ ಹಲಗೆಯೊಂದನ್ನು ಧೈರ್ಯ ಮಾಡಿ ಭಾವನ ಮುಂದಿಟ್ಟು, ಎದುರಿಗೆ ಒಂದು ಜಾಗ ಕೇಳಿದಳು.

"ಏನಮ್ಮಾ, ಹಕ್ಕಿಗೆ ಸಿಡುಬು ಬಂದಿದ್ಯಾ?"

ಸುಳ್ಳಲ್ಲ. ಪ್ರತಿ ಗೆರೆಯ ತಲೆಗೊಂದು, ಬುಡಕ್ಕೊಂದು ಕಪ್ಪು ಚುಕ್ಕೆ. ಬೆಸುಗೆಯ ಕೈಯಲ್ಲವೇ! ಕಡ್ಡಿ ಊರುವುದು, ಸೀಸ ಕರಗುವವರೆಗೆ ಕಾಯುವುದು, ಎತ್ತುವುದು. ತಂತಿಗೆ ಅದು ಸರಿ. ಮರದ ಮೇಲೆ ಕಾಯುತ್ತ ಕೂತರೆ ಕರಕಲೇ ಗತಿ.

"ಟೀಚರಮ್ಮ ಒಬ್ರು ಕಪಾಟಿನ ಬಾಗಿಲ ಮೇಲೆ ಮಲಗಿರೋ ಬೆಕ್ಕು ಬೇಕು ಅಂದಿದಾರೆ," ಎಂದ ಭಾವ. "ಒಂದೂ ಚುಕ್ಕೆ ಇಲ್ದೆ ಮಾಡಿದ್ರೆ ನಾಳೆಯಿಂದ ಇಲ್ಲೇ ಕೂತ್ಕೋ. ಚುಕ್ಕೆ ಕಂಡ್ರೆ ಹೆರೆದು ಹಾಕ್ತೀನಿ. ಆಮೇಲೆ ಈ ಮಾತು ಎತ್ಬಾರ್ದು."

ಚೂರುಹಲಗೆಗಳ ಮೇಲೆ ಅಭ್ಯಾಸ ನಡೆಯಿತು. ಒತ್ತಿದರೂ ಚುಕ್ಕೆ, ಕೈ ಹಗುರ ಮಾಡಿದರೂ ಚುಕ್ಕೆ. ಅವಳಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ ಪಕ್ಕದಲ್ಲಿ ಅತ್ತೆ, ಬೀದಿಯವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಾಳೆ. ಪೆಟ್ಟಿಗೆ ಬಟ್ಟೆ ಮುಟ್ಟುವ ಮುಂಚೆಯೇ ಅತ್ತೆಯ ಕೈ ಓಡುತ್ತಿತ್ತು, ಓಡುತ್ತಲೇ ಮೇಲೇಳುತ್ತಿತ್ತು.

"ಅತ್ತೆ, ಇನ್ನೊಂದ್ಸಲ ಮಾಡಿ!"

"ಯಾಕೇ, ಇಸ್ತ್ರಿ ಮಾಡೋದು ಇವತ್ತೇ ಕಂಡ್ಯಾ? ಬಾ, ಈ ರಾಶೀನ ನೀನೇ ಮುಗ್ಸು."

ಮುಗಿಸಿದಳು. ಕೈಗೆ ಆ ಓಟ ಹತ್ತುವವರೆಗೆ ಮರುದಿನದ ರಾಶಿಯನ್ನೂ ಮುಗಿಸಿದಳು. ಅತ್ತೆಗಂತೂ ಹಬ್ಬ.

ಬೆಕ್ಕಿನ ದಿನ ಭಾವ ಉಜ್ಜುಗೊರಡನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ. ಅವಳು ಗಾಳಿಯಲ್ಲೇ ಕೈ ಓಡಿಸುತ್ತ ಕಡ್ಡಿಯನ್ನು ಬಾಗಿಲಿಗೆ ಇಳಿಸಿದಳು. ಕಿವಿ, ಬೆನ್ನು, ಸುತ್ತಿಕೊಂಡ ಬಾಲ, ಮಡಚಿದ ಕಾಲು, ಎಲ್ಲ ಒಂದೇ ಗೆರೆ. ಹೊರಟಲ್ಲಿಗೇ ವಾಪಸು ಬಂದು ಸೇರಬೇಕು, ಕೆಡುವುದೆಲ್ಲ ಅಲ್ಲೇ. ಬೆಸುಗೆಗೆ ರೂಢಿಬಿದ್ದ ಕೈ ನಿಲ್ಲಲು ಹವಣಿಸಿತು. ಅವಳು ನಿಲ್ಲಗೊಡಲಿಲ್ಲ. ಶುರು ಮಾಡಿದ ಗೆರೆಯ ಮೇಲೆಯೇ ಓಡಿಸಿಕೊಂಡು ಹೋಗಿ, ಓಡುತ್ತಿದ್ದಂತೆಯೇ ಎತ್ತಿದಳು.

ಭಾವ ಕನ್ನಡಕ ಒರೆಸಿಕೊಂಡು ಬಾಗಿಲನ್ನು ಬೆಳಕಿಗೆ ತಿರುಗಿಸಿದ. ಬೆರಳಿನಿಂದ ಬೆಕ್ಕನ್ನು ಒಂದು ಸುತ್ತು ಬಂದ. ಇನ್ನೊಂದು ಸುತ್ತು ಬಂದ.

"ಎಲ್ಲಿಂದ ಶುರು ಮಾಡ್ದೆ?"

"ನೀವೇ ಹುಡ್ಕಿ, ಭಾವ."

ಹುಡುಕಿದ. ಸಿಗಲಿಲ್ಲ. ಭಾವ ಎದ್ದು, ಕಿಟಕಿಯ ಬಳಿಯಿದ್ದ ಉಳಿ, ಸುತ್ತಿಗೆಗಳನ್ನೆಲ್ಲ ಬಾಚಿ ಕತ್ತಲೆಯ ಮೂಲೆಗೆ ಸಾಗಿಸತೊಡಗಿದ.

"ಎದುರಿಗೆ ಬೇಡ. ಇಲ್ಲಿ ಕೂತ್ಕೋ, ಬೆಳಕು ಚೆನ್ನಾಗಿದೆ," ಎಂದ.

ಅದು ಇಷ್ಟು ವರ್ಷ ಅವನೇ ಕೂರುತ್ತಿದ್ದ ಜಾಗ.